ರೋಕನ ಗೋಣಿತಟ್ಟು

ಕಾರ್ಮೆಲ್ ಬಾಲ್ಕನಿಯಲ್ಲಿ ನಿಂತು ಗೋಣಿತಟ್ಟನ್ನು ಮತ್ತೊಮ್ಮೆ ಜೋರಾಗಿ ಕೊಡವಿದಳು. ಎಷ್ಟು ಕೊಡವಿದರೂ ಮರಳು ಮುಗಿಯುವ ಹಾಗೆ ಕಾಣಲಿಲ್ಲ. ಕೆಳಗಿನ ಮನೆಯ ಈಜಿಪ್ಟಿನ ಹೆಂಗಸು ಬೈಯಲೆಂದು ತಲೆ ಹೊರಗೆ ಹಾಕಿದವಳು, ಮೇಲಿದ್ದವಳ ಕಪ್ಪು ಸೀರೆ ನೋಡಿ ಕಿಟಕಿ ಎಳೆದುಕೊಂಡಳು.

"ಎಂತ ಮಾಡ್ತಿದ್ದಿ ಮಾರಾಯ್ತಿ? ಬಿಸಾಡು ಅದನ್ನು. ಹೊರಡುವ ಹೊತ್ತಾಯ್ತು," ಎಂದು ಶರ್ಲಿನ್ ಒಳಗಿನಿಂದ ಕೂಗಿದಳು. ಎದುರು ಫ್ಲ್ಯಾಟಿನ ಶರ್ಲಿನ್ ಕಸುಬಿನಲ್ಲಿ ನರ್ಸು. ಸಾವಿನ ಸುದ್ದಿ ಬಂದ ಗಳಿಗೆಯಿಂದ ಈ ಮನೆಯ ಒಲೆ, ಫೋನು, ಬಾಗಿಲು ಎಲ್ಲವನ್ನೂ ಅವಳೇ ವಹಿಸಿಕೊಂಡಿದ್ದಳು.

"ಬಿಸಾಡ್ಲಿಕ್ಕಲ್ಲ. ಅವರ ಜೊತೆ ಕಳಿಸ್ಲಿಕ್ಕೆ," ಎಂದಳು ಕಾರ್ಮೆಲ್.

"ಪೆಟ್ಟಿಗೆಯೊಳಗಾ? ಇದನ್ನಾ?"

ಕಾರ್ಮೆಲ್ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಒತ್ತಿಕೊಂಡಳು. ಅದರಲ್ಲಿ ಮರಳಿನ ವಾಸನೆ, ಕುರಿಯ ವಾಸನೆ, ಗಂಡನ ಕೈಯ ವಾಸನೆ ಎಲ್ಲವೂ ಇತ್ತು.

ಕುವೈತಿನಲ್ಲಿ ಸತ್ತ ಪರದೇಶಿಯ ಅಂತ್ಯಕ್ರಿಯೆ ಹೆಚ್ಚಾಗಿ ಎರಡು ತುಂಡಾಗಿಯೇ ನಡೆಯುತ್ತದೆ. ಅಳುವುದು ಇಲ್ಲಿ, ಹೂಳುವುದು ಊರಿನಲ್ಲಿ. ಅವಳ ಗಂಡ ರೋಕನಿಗೂ ಅದೇ ಏರ್ಪಾಡು. ಮಧ್ಯಾಹ್ನ ಶವಾಗಾರದಲ್ಲಿ ಮುಖದರ್ಶನ, ಪಾದ್ರಿಯ ಪ್ರಾರ್ಥನೆ. ಆಮೇಲೆ ಪೆಟ್ಟಿಗೆ ಮುಚ್ಚಿ ವಿಮಾನಕ್ಕೆ. ನಾಳೆ ಕಿನ್ನಿಗೋಳಿಯ ಇಗರ್ಜಿಯಲ್ಲಿ ಮಣ್ಣು.

ಹಾಲಿನಿಂದ ಜೋಯಲನ ದನಿ ಕೇಳುತ್ತಿತ್ತು. ಜೋಯಲ್ ಕಾರ್ಮೆಲಳ ಒಡಹುಟ್ಟಿದ ತಮ್ಮ. ಅವನಿಗೆ ವೀಸಾ ಕೊಡಿಸಿ ಕುವೈತಿಗೆ ಕರೆಸಿಕೊಂಡವನು ರೋಕನೇ. ಸಾಲ್ಮಿಯಾದ ಅತ್ತರಿನ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದದ್ದು ಅವನ ಹೊಟ್ಟೆಪಾಡು; ನಿಜವಾದ ಕಸುಬು ಮೈಕು. ಕೊಂಕಣಿಯವರಲ್ಲಿ ಯಾರ ಮದುವೆಯಿರಲಿ, ಮದುವೆಗೆ ಮುಂಚಿನ ರೋಸ್ ಶಾಸ್ತ್ರವಿರಲಿ, ನಿರೂಪಣೆಗೆ ಜೋಯಲ್ ಇಲ್ಲದೆ ಆಗುತ್ತಿರಲಿಲ್ಲ. ಈಗ ಅದೇ ದನಿ ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿತ್ತು.

"ನಾನು ಬೆಳಿಗ್ಗೆ ಬೇಗ ಹೋಗಿ ನೋಡಿ ಫೋನ್ ಮಾಡಿ ಹೇಳಿದ್ದೆ ಅಂಕಲ್, ನರಿಯ ಬೋನು ಖಾಲಿ ಉಂಟು, ನೀವು ಮಲಗಿ ಬಾವ ಅಂತ. ಕೇಳ್ಬೇಕಲ್ಲ! ಅಷ್ಟು ಜ್ವರ ಇಟ್ಕೊಂಡು ಹೊರಟ್ರು. ಬಾವನ ಹಟ ನಿಮಗೆ ಗೊತ್ತುಂಟಲ್ಲ."

ಕಾರ್ಮೆಲಳ ಮೈ ಉರಿದುಹೋಯಿತು. ಈಗಲೇ ಹೋಗಿ ಅಷ್ಟು ಜನರೆದುರು ಅವನ ಕಾಲರು ಹಿಡಿದು ಕೇಳಬೇಕೆನಿಸಿತು. ಕೇಳಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೆ ರೋಕನ ಜೊತೆ ಬಾಳಿದವಳಿಗೆ ಅವಸರ ಮಾಡಿದರೆ ಯಾವ ಪ್ರಾಣಿಯೂ ಬೋನಿಗೆ ಬೀಳುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು.

ಬಾಲ್ಕನಿಯ ಬಾಗಿಲ ಬಳಿ ಅಝರುದ್ದೀನ್ ಬಂದು ನಿಂತ. ಉಳ್ಳಾಲದ ಬ್ಯಾರಿ, ಕಬ್ದ್ ಮರುಭೂಮಿಯಲ್ಲಿ ರೋಕನ ಅರಬಿ ಯಜಮಾನನ ಕುರಿದೊಡ್ಡಿಯನ್ನು ನೋಡಿಕೊಳ್ಳುವವನು. ರೋಕನ ಹೆಣವನ್ನು ಮೊದಲು ಕಂಡವನೂ, ಈ ಗೋಣಿಯನ್ನು ಬೆಳಿಗ್ಗೆ ತಂದುಕೊಟ್ಟವನೂ ಅವನೇ.

"ಅಕ್ಕ, ಪೊಲೀಸರ ಹತ್ರ ನಾನು ಇದೆಲ್ಲ ಹೇಳ್ಲಿಲ್ಲ. ನಿಮಗೆ ಮಾತ್ರ ಹೇಳುದು," ಎಂದು ದನಿ ಇಳಿಸಿದ. "ಆ ದಿವಸ ಬಿಸಿಲು ಏರಿದ್ರೂ ರೋಕಣ್ಣನ ಪಿಕಪ್ ತಿರುಗಿ ಬರ್ಲಿಲ್ಲ. ಕುರಿ ಒಳಗೆ ಹಾಕಿ ನಡ್ಕೊಂಡು ಹೋದೆ. ಚಕ್ರಕ್ಕೆ ಒರಗಿ ಕೂತಿದ್ರು. ಎದುರಿಗೆ ಬೋನಿಗೆ ಕಾಲು ಸಿಕ್ಕಿದ ನರಿ, ಜೀವ ಇತ್ತು ಅದಕ್ಕೆ. ತಲೆ ಮೇಲೆ ಈ ಗೋಣಿ. ಇಬ್ಬರೂ ನಿದ್ದೆ ಮಾಡ್ತಿದ್ದಾರೆ ಅಂತ ಕಂಡಿತು ನನಗೆ. ಗೋಣಿ ಹಾಕಿದ್ದಾರೆ, ಕಾಲು ಬಿಡಿಸುವಷ್ಟು ಹೊತ್ತು ಸಿಗ್ಲಿಲ್ಲ ಪಾಪ."

"ಆಮೇಲೆ?"

"ನಾನೇ ಬಿಡಿಸಿದೆ. ಕುಂಟಿಕೊಂಡು ಹೋಯ್ತು." ಅವನು ಹಾಲಿನ ಕಡೆ ಒಮ್ಮೆ ನೋಡಿದ. "ಅಕ್ಕ, ಅದರ ಸುತ್ತ ಮರಳು ತಟ್ಟೆ ಹಾಗೆ ಆಗಿತ್ತು. ಬೋನಿನ ಸರಪಳಿ ಎಷ್ಟು ಉದ್ದವೋ ಅಷ್ಟು ದೊಡ್ಡ ಸುತ್ತು. ರಾತ್ರಿಯಿಡೀ ತಿರುಗಿದೆ ಅದು. ಬೆಳಿಗ್ಗೆ ಬಂದವನಿಗೆ ಕಾಣದೆ ಇರ್ಲಿಕ್ಕೆ ಸಾಧ್ಯವೇ ಇಲ್ಲ. ರೋಕಣ್ಣನ ಪಿಕಪ್ಪಿನದ್ದಲ್ಲದೆ ಬೇರೆ ಗಾಡಿಯ ಗುರುತೂ ಇರ್ಲಿಲ್ಲ."

"ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಇಲ್ಲ."

"ಹೇಳ್ಬೇಡಿ."

ಅಝರುದ್ದೀನ್ ಅವಳನ್ನೇ ನೋಡಿದ. ಕಣ್ಣು ತುಂಬಿಕೊಂಡಿತು. "ನಿಮ್ಮ ಮನಸ್ಸು ದೊಡ್ಡದು ಅಕ್ಕ," ಎಂದ. ಅವಳ ಮನಸ್ಸಿನಲ್ಲಿದ್ದದ್ದು ಕಂಡಿದ್ದರೆ ಆ ಮಾತನ್ನು ಅವನು ಅಲ್ಲೇ ನುಂಗಿಬಿಡುತ್ತಿದ್ದ.

"ಉಳಿದ ಬೋನುಗಳು?" ಎಂದು ಕೇಳಿದಳು.

"ಹೂತಲ್ಲೇ ಉಂಟು. ಕುರಿ ಮರಿ ಹಾಕುವ ಕಾಲ ಮುಗಿಯುವ ತನಕ ತೆಗೀಲಿಕ್ಕೆ ಅರಬಿ ಬಿಡುದಿಲ್ಲ. ದಿನಾ ಬೆಳಿಗ್ಗೆ ನಾನೇ ಓಡ್ತೇನೆ. ದೊಡ್ಡಿ ಬಿಟ್ಟು ಹೋದ್ದಕ್ಕೆ ಬೈಗುಳ ಬೇರೆ. ಎಷ್ಟು ದಿವಸ ಆಗ್ತದೆ ನನ್ನಿಂದ?"

"ಇವತ್ತಿಗೆ ಸಾಕು. ನಾಳೆಯಿಂದ ಜನ ಕೊಡ್ತೇನೆ," ಎಂದಳು ಕಾರ್ಮೆಲ್. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಟ್ರಾವೆಲ್ಸಿನವರಿಗೆ ಫೋನು ಮಾಡಿದಳು.

*

ರೋಕ್ ಕುವೈತಿಗೆ ಬಂದದ್ದು ಎ.ಸಿ. ಮೆಕ್ಯಾನಿಕ್ ಆಗಿ. ಬೇಸಿಗೆಯಲ್ಲಿ ಅವನಿಗೆ ಉಸಿರಾಡಲು ಪುರುಸೊತ್ತಿಲ್ಲ, ಚಳಿಗಾಲದಲ್ಲಿ ಕೈಗೆ ಕೆಲಸವಿಲ್ಲ. ಕೈಕಟ್ಟಿ ಕೂತ ಮನುಷ್ಯನನ್ನು ಕಂಡರೆ ಯಜಮಾನನಿಗೆ ಆಗುತ್ತಿರಲಿಲ್ಲ. ದೊಡ್ಡಿಗೆ ನರಿ ಬಂದು ಎಳೆಮರಿ ಎತ್ತಿಕೊಂಡು ಹೋಗುತ್ತಿದ್ದವು. "ಯಲ್ಲಾ, ಹೋಗಿ ಹಿಡಿ," ಎಂದು ರೋಕನನ್ನು ಅಲ್ಲಿಗೆ ಅಟ್ಟಿದ. ಎ.ಸಿ. ಬಿಚ್ಚಿ ಕಟ್ಟುವವನಿಗೆ ನರಿ ಹಿಡಿಯುವುದೇನು ಮಹಾ ಎಂಬುದು ಅವನ ಲೆಕ್ಕ.

ಮೊದಲ ಚಳಿಗಾಲ, ಹಿಂದಿದ್ದವನು ಬಿಟ್ಟುಹೋದ, ಕಾಲಿಟ್ಟರೆ ಕಚ್ಚಿಕೊಳ್ಳುವ ಹಲ್ಲಿನ ಕತ್ತರಿಬೋನನ್ನು ರೋಕ್ ಹಾಗೆಯೇ ಮರಳಿನಲ್ಲಿ ಹೂತಿಟ್ಟು ಬಂದ. ಎರಡು ದಿನ ಬಿಟ್ಟು ನೋಡಲು ಹೋದರೆ ಬೋನಿನಲ್ಲಿ ನರಿಯಿರಲಿಲ್ಲ, ನರಿಯ ಪಾದವಿತ್ತು. ತನ್ನ ಕಾಲನ್ನು ತಾನೇ ಕಡಿದುಕೊಂಡು ಅದು ಹೋಗಿತ್ತು. ಆ ದಿನ ರೋಕ್ ಮನೆಗೆ ಬಂದು ಅನ್ನ ಮುಟ್ಟಲಿಲ್ಲ.

ಆಮೇಲೆ ಅವನು ಬೋನಿನ ಹಲ್ಲುಗಳನ್ನು ಉಜ್ಜಿ ತೆಗೆದ. ಗುಜರಿಗೆ ಹೋಗುವ ಫ್ರಿಜ್ಜುಗಳ ಬಾಗಿಲಿನಿಂದ ರಬ್ಬರು ಕಿತ್ತು ಅದರ ಎರಡೂ ದವಡೆಗೆ ಸುತ್ತಿದ. ಕಾಲು ಹಿಡಿಯಬೇಕು, ಮುರಿಯಬಾರದು. ಬೋನು ಹೂಳುವ ಹಿಂದಿನ ದಿನದಿಂದ ಸೋಪಿಲ್ಲ, ಪೌಡರಿಲ್ಲ; ಘಮ ಬಂದರೆ ನರಿ ಬೋನಿನ ಹತ್ತಿರ ಸುಳಿಯುವುದಿಲ್ಲ. "ಮನುಷ್ಯರ ಜೊತೆ ಮಲಗುವವರು ಮನುಷ್ಯರ ಹಾಗೆ ಸ್ನಾನ ಮಾಡ್ಬೇಕು," ಎಂದು ಕಾರ್ಮೆಲ್ ರೇಗಿಸಿದರೆ, "ಚಳಿಗಾಲಕ್ಕೆ ನನಗೆ ನರಿ ಸಂಬಂಧ," ಎನ್ನುತ್ತಿದ್ದ. ಬೆಟ್ಟದ ಗಾತ್ರದ ಮಾತಾಡುವ ಜನರ ನಡುವೆ ಅವನು ಹೀಗೆ ಸಣ್ಣ ಮಾತಿನಲ್ಲೇ ಬದುಕು ಮುಗಿಸಿದ.

ಒಂದು ಸಲ ಅವಳೂ ಜೊತೆಗೆ ಹೋಗಿದ್ದಳು. ಬೆಳಕು ಆಗಷ್ಟೇ ಹರಿಯುತ್ತಿತ್ತು. ಪಿಕಪ್ಪಿನ ಗಾಜಿನ ಮೇಲೆಲ್ಲ ಇಬ್ಬನಿ. ಬೋನಿನಲ್ಲಿ ಸಿಕ್ಕ ನರಿ ಇವರನ್ನು ಕಂಡು ಹಾರಿ ಹಾರಿ ಬೀಳುತ್ತಿತ್ತು. ರೋಕ್ ಬದಿಯಿಂದ ಹೋಗಿ ಗೋಣಿಯನ್ನು ಅದರ ತಲೆಯ ಮೇಲೆ ಇಳಿಸಿದ. ನರಿ ಅಲ್ಲಿಗೇ ಸುಮ್ಮನಾಯಿತು. ಉಸಿರು ಮಾತ್ರ ಗೋಣಿಯಡಿ ಏರಿಳಿಯುತ್ತಿತ್ತು.

"ಕಾಣದಿದ್ರೆ ಅದಕ್ಕೆ ಹೆದರಿಕೆ ಇಲ್ಲ," ಎಂದ ರೋಕ್. ದಾರಿ ತಪ್ಪಿ ಬಂದ ಪ್ರಾಣಿಯಾದರೆ ದೂರ ಒಯ್ದು ಬಿಡುತ್ತಿದ್ದ. ಮರಿ ತಿಂದು ರುಚಿ ಹತ್ತಿದ್ದಾದರೆ ಯಜಮಾನನ ಮಗ ಕೋವಿ ತರುತ್ತಿದ್ದ. ಆಗಲೂ ಗೋಣಿಯಡಿ, ಒಂದೇ ಗುಂಡಿಗೆ.

"ಅಂತೂ ಕೊಲ್ಲುದೇ ಅಲ್ವಾ?" ಎಂದು ಅವಳು ಕೇಳಿದ್ದಳು.

"ಹಿಡಿಯುದು ಪಾಪ ಅಲ್ಲ ಕಾರ್ಮೆಲ್. ಹಿಡಿದು ಆಮೇಲೆ ಮರೆತುಬಿಡ್ತಾರಲ್ಲ, ಅದು ಪಾಪ. ಬಿಸಿಲು ಬೀಳುವ ಮೊದಲು ಯಾರಾದ್ರೂ ಬಂದು ನೋಡ್ಲೇಬೇಕು."

*

ಕಳೆದ ಶುಕ್ರವಾರ ಬೆಳಿಗ್ಗೆ ಕಾರ್ಮೆಲ್ ರೋಕನ ಎದೆಗೆ ಮುಲಾಮು ಹಚ್ಚುತ್ತಿದ್ದಳು. ವಾರದಿಂದ ಜ್ವರ. ಹೃದಯಕ್ಕೆ ಹಿಂದಿನ ವರ್ಷವಷ್ಟೇ ಸ್ಟೆಂಟ್ ಹಾಕಿದ್ದರು. ಚಳಿಗಾಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಬೋನು ನೋಡುವ ಕೆಲಸವನ್ನು ಜೋಯಲನಿಗೆ ಒಪ್ಪಿಸಿದ್ದ. ಅವನ ಮೈಯಲ್ಲಿ ಅತ್ತರಿನ ಘಮ ಇರುವುದರಿಂದ ಹತ್ತಿರ ಹೋಗುವುದೂ ಬೇಡ, ಕಾರಿನಲ್ಲೇ ಕುಳಿತು ನೋಡಿ ಫೋನು ಮಾಡಿದರೆ ಸಾಕು. ಬೋನುಗಳ ಜಾಗವನ್ನೆಲ್ಲ ಕರೆದೊಯ್ದು ತೋರಿಸಿದ್ದ. ಇಷ್ಟು ಸಣ್ಣ ಕೆಲಸ.

ಜೋಯಲನ ಫೋನು ಬಂದಾಗ ಕೈಯಲ್ಲಿ ಮುಲಾಮಿದ್ದದ್ದರಿಂದ ಕಾರ್ಮೆಲ್ ಫೋನನ್ನು ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲಿಟ್ಟಳು.

"ನೋಡಿ ಬಂದೆ ಬಾವ. ಎಲ್ಲ ಖಾಲಿ. ಒಂದು ನೊಣ ಸಹ ಇಲ್ಲ," ಎಂದ ಜೋಯಲ್. "ಈಗ ಕಬ್ದಿಂದ ಹೊರಟದ್ದು. ಎಂತ ಗಾಳಿ ಮಾರಾಯ್ರೆ ಇಲ್ಲಿ!"

ಅವನ ಮಾತಿನ ಹಿಂದೆಯೇ ಒಂದು ಗಂಟೆ ಟಿಣ್ ಎಂದಿತು. ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ, ಬಾಗಿಲು ಮುಚ್ಚುತ್ತಿದೆ, ಲಿಫ್ಟು ಕೆಳಗೆ ಹೋಗುತ್ತಿದೆ ಎಂದಿತು.

ಕಬ್ದ್ ಮರುಭೂಮಿಯಲ್ಲಿ ಲಿಫ್ಟು ಎಲ್ಲಿಂದ ಬರಬೇಕು? ಹಿಂದಿನ ರಾತ್ರಿ ಕಡಲ ಬದಿಯ ಅಬು ಹಲೀಫಾದಲ್ಲಿ ಯಾರದೋ ರೋಸ್ ಇತ್ತು, ಜೋಯಲನದೇ ನಿರೂಪಣೆ. ಕುಡಿದು ಕುಣಿದು ಅಲ್ಲೇ ಯಾರ ಮನೆಯಲ್ಲೋ ಬಿದ್ದುಕೊಂಡಿದ್ದ. ಈಗಷ್ಟೇ ಎದ್ದು ಇಳಿಯುತ್ತಿದ್ದಾನೆ. ಕಾರ್ಮೆಲ್‌ಗೆ ಅಷ್ಟೂ ಅಲ್ಲೇ ಹೊಳೆಯಿತು. ರೋಕನ ಮುಖ ನೋಡಿದಳು. ಅವನಿಗೂ ಹೊಳೆದಿತ್ತು.

"ಆಯ್ತು ಜೋಯಲ್, ಥ್ಯಾಂಕ್ಸ್," ಎಂದು ರೋಕ್ ಫೋನಿಟ್ಟ. ಅಂಗಿಯ ಗುಂಡಿ ಹಾಕಿಕೊಂಡು ಎದ್ದ.

"ನೀವೆಲ್ಲಿಗೆ? ಅವನನ್ನೇ ಕಳಿಸಿ. ನಾನು ಫೋನ್ ಮಾಡ್ತೇನೆ ಆ ಕಳ್ಳನಿಗೆ."

"ಅವನು ಅಬು ಹಲೀಫಾದಿಂದ ಹೋಗುವಾಗ ಬಿಸಿಲು ಏರ್ತದೆ. ಏನಾದ್ರೂ ಬಿದ್ದಿದ್ರೆ? ನಾನು ಇಲ್ಲಿಂದ ಈಗ ಹೋದ್ರೆ ಆಗ್ತದೆ."

"ಒಂದು ನರಿಗೋಸ್ಕರ ಸಾಯ್ತೀರಾ?"

ರೋಕ್ ಗೋಣಿ ತೆಗೆದುಕೊಂಡ. ಬಾಗಿಲಲ್ಲಿ ನಿಂತು ಶೂ ಹಾಕಿಕೊಂಡವನು ತಿರುಗಿದ. "ಜೋಯಲ್‌ಗೆ ಎಂತದೂ ಹೇಳ್ಬೇಡ ಆಯ್ತಾ? ಅವನಿಗೆ ನಾಚಿಕೆ ಆಗ್ತದೆ."

ಅದೇ ಅವನ ಕೊನೆಯ ಮಾತು.

*

ಶವಾಗಾರದ ಅಂಗಳದಲ್ಲಿ ಜನ ತುಂಬಿದ್ದರು. ಅಷ್ಟು ಮಂದಿ ರೋಕನಿಗೆ ಗೊತ್ತಿದ್ದವರೆಂದು ಕಾರ್ಮೆಲ್‌ಗೆ ಗೊತ್ತಿರಲಿಲ್ಲ. ಪ್ರತಿಯೊಬ್ಬರ ಮನೆಯಲ್ಲೂ ಅವನು ಒಂದಲ್ಲ ಒಂದು ದಿನ ಏಣಿ ಹತ್ತಿದ್ದ.

"ನಮ್ಮ ಎ.ಸಿ. ಕೆಟ್ಟಾಗ ಹಬ್ಬದ ದಿವಸ ಬಂದಿದ್ರು," ಎಂದಳು ಒಬ್ಬಳು ಮೂಗು ಒರೆಸಿಕೊಂಡು.

"ಮಾತೇ ಇಲ್ಲ ಮಾರಾಯ್ರೆ. ಬಂದದ್ದೂ ಗೊತ್ತಾಗುದಿಲ್ಲ, ಹೋದದ್ದೂ ಗೊತ್ತಾಗುದಿಲ್ಲ," ಎಂದ ಅವಳ ಗಂಡ.

ಒಳಗೆ ಪೆಟ್ಟಿಗೆ ತೆರೆದಿತ್ತು. ರೋಕನಿಗೆ ಮದುವೆಯ ಸೂಟು ತೊಡಿಸಿದ್ದರು. ಹೊಟ್ಟೆಯ ಬಳಿ ಗುಂಡಿ ಸೇರಿರಲಿಲ್ಲ. ಶವಾಗಾರದವರು ಧಾರಾಳವಾಗಿ ಸೆಂಟು ಸುರಿದಿದ್ದರು. ಈ ವಾಸನೆಯಲ್ಲಿ ನರಿಯೇನು, ಇಲಿಯೂ ಬರುತ್ತಿರಲಿಲ್ಲ ಎಂದು ಕಾರ್ಮೆಲ್‌ಗೆ ಅನಿಸಿತು. ಅವಳು ಅವನ ಹಣೆ ಮುಟ್ಟಿದಳು. ಎ.ಸಿ. ಮೆಕ್ಯಾನಿಕ್ಕನ ಹಣೆ ಅಷ್ಟು ತಣ್ಣಗೆ ಎಂದೂ ಇದ್ದಿರಲಿಲ್ಲ.

ಪಾದ್ರಿಯ ಪ್ರಾರ್ಥನೆ ಮುಗಿಯಿತು. ನಾಲ್ಕು ಮಾತು ಹೇಳಲು ಜೋಯಲ್ ಮುಂದೆ ಬಂದ. ಕಪ್ಪು ಕೋಟು, ಬಾಚಿದ ತಲೆ. ದನಿ ಚೆನ್ನಾಗಿ ಹೊರಟಿತು.

"ಬಾವ ನನಗೆ ಬಾವ ಅಲ್ಲ, ಅಪ್ಪನ ಹಾಗೆ. ಕೊನೆಯ ದಿನ ಸಹ ನಾನು ಅವರನ್ನು ಬೇಡಿಕೊಂಡೆ, ಬಾವ, ನಾನು ಎಲ್ಲ ನೋಡಿದ್ದೇನೆ, ನೀವು ರೆಸ್ಟ್ ಮಾಡಿ..."

ಕಾರ್ಮೆಲ್ ಆಗ ಚೀಲದಿಂದ ಗೋಣಿ ತೆಗೆದಳು.

"ಮಮ್ಮಾ, ವಾಟ್ ಆರ್ ಯೂ ಡೂಯಿಂಗ್? ಇಟ್ಸ್ ಡರ್ಟಿ," ಎಂದು ಮಗಳು ರಿಯೋನಾ ಪಿಸುಗುಟ್ಟಿದಳು.

"ನಿನ್ನ ಡ್ಯಾಡಿಯದು. ಅವರ ಜೊತೆ ಹೋಗ್ಲಿ."

ಮಡಿಕೆ ಬಿಚ್ಚಿ, ಗೋಣಿಯನ್ನು ರೋಕನ ಕೈಗಳ ಮೇಲೆ ಹರಡಿದಳು. ಒಳಗಿನ ಮರಳು ಸೂಟಿನ ಮೇಲೆ ಉದುರಿತು. ತಲೆ ಎತ್ತಿ ತಮ್ಮನನ್ನು ನೋಡಿದಳು. ಕೋಪವಿಲ್ಲದೆ, ಮಾತು ಮುಂದುವರಿಸು ಎನ್ನುವ ಹಾಗೆ ನೋಡಿದಳು.

ಬೋನಿಗೆ ನರಿ ಬಿದ್ದರೆ ಮಾತ್ರ ರೋಕ್ ಗೋಣಿ ಬಿಚ್ಚುತ್ತಿದ್ದ ಎಂಬುದು, ಬೋನುಗಳ ಜಾಗ ನೋಡಲು ಜೊತೆಗೆ ಹೋಗಿದ್ದ ಜೋಯಲನಿಗೆ ಗೊತ್ತಿತ್ತು. ಮರಳು ತುಂಬಿದ ಗೋಣಿ ಕಂಡು, ಆ ದಿನ ಬೋನು ಖಾಲಿ ಇರಲಿಲ್ಲವೆಂದು ಅವನಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಅವನ ಬಾಯಿ ತೆರೆದೇ ಇತ್ತು. ಕೊಂಕಣಿ ಜನರ ಮುಂದೆ ಜೋಯಲನಿಗೆ ಮಾತು ನಿಂತದ್ದು ಅದೇ ಮೊದಲು.

"ಪಾಪ, ಎಷ್ಟು ಪ್ರೀತಿ ನೋಡಿ," ಎಂದು ಹಿಂದಿನಿಂದ ಯಾರೋ ಅತ್ತರು.

ಪೆಟ್ಟಿಗೆ ಮುಚ್ಚಿದರು. ಮೊಳೆ ಹೊಡೆಯುವಾಗ ರಿಯೋನಾ ತಾಯಿಯ ಹೆಗಲಿಗೆ ಮುಖ ಒತ್ತಿದಳು. ಕಾರ್ಮೆಲ್ ಅಳುತ್ತಲೇ ಇದ್ದಳು, ಆದರೆ ಕಣ್ಣು ಜೋಯಲನನ್ನು ಬಿಡಲಿಲ್ಲ.

ಅಂಗಳದಲ್ಲಿ ಶರ್ಲಿನಳ ಕಾರಿನ ಬಳಿ ಅವನು ಓಡಿಬಂದು ಅಡ್ಡ ನಿಂತ.

"ಅಕ್ಕ, ಒಂದು ಮಾತು ಹೇಳ್ಲಿಕ್ಕುಂಟು."

"ಊಟ ಆಯ್ತಾ ನಿನ್ನದು?"

"ಅಕ್ಕ, ಶುಕ್ರವಾರ ಬೆಳಿಗ್ಗೆ ನಾನು..."

"ನೀನು ಹೋಗಿ ನೋಡಿ ಬಂದಿ. ಖಾಲಿ ಇತ್ತು. ಫೋನ್ ಸ್ಪೀಕರಲ್ಲಿತ್ತು, ನಾನೂ ಕೇಳಿದ್ದೇನೆ, ನಿನ್ನ ಬಾವನೂ ಕೇಳಿದ್ದಾರೆ. ಎಲ್ಲ ಕೇಳ್ತಿತ್ತು."

ಜೋಯಲನ ಮುಖದಿಂದ ರಕ್ತ ಇಳಿಯಿತು. ಆ ಬೆಳಿಗ್ಗೆ ತಾನು ಎಲ್ಲಿ ನಿಂತು ಮಾತಾಡಿದ್ದೆ ಎಂಬುದು ಅವನಿಗೆ ಆಗ ನೆನಪಾಗಿರಬೇಕು.

"ಬಾವನಿಗೆ ಗೊತ್ತಿತ್ತಾ? ಗೊತ್ತಿದ್ದೇ ಹೋದ್ರಾ? ಅಕ್ಕ, ಬೈಯಿ ನನಗೆ. ಕೆನ್ನೆಗೆ ಎರಡು ಕೊಡು. ಎಲ್ಲರ ಎದುರು ಹೇಳು, ನಾನೇ ಅಂತ ಹೇಳು."

ಎಷ್ಟು ಸುಲಭವಿತ್ತು! ಒಂದು ಏಟು, ಒಂದು ಕೂಗು. ಅವನು ಕಾಲಿಗೆ ಬಿದ್ದು ಅಳುತ್ತಿದ್ದ, ಜನ ಎತ್ತಿ ಸಮಾಧಾನ ಮಾಡುತ್ತಿದ್ದರು, ಅಕ್ಕತಮ್ಮ ತಬ್ಬಿಕೊಳ್ಳುತ್ತಿದ್ದರು. ಅಲ್ಲಿಗೆ ಬೋನಿನಿಂದ ಅವನ ಕಾಲು ಬಿಟ್ಟಹಾಗೆ. ಕಾರ್ಮೆಲ್‌ಗೆ ಅದು ಬೇಕಿರಲಿಲ್ಲ.

"ಯಾಕೆ ಬೈಬೇಕು? ಜೋಯಲ್‌ಗೆ ಎಂತದೂ ಹೇಳ್ಬೇಡ ಅಂತ ನಿನ್ನ ಬಾವ ಹೇಳಿ ಹೋಗಿದ್ದಾರೆ. ನನ್ನ ಹತ್ರ ಆಡಿದ ಕೊನೆ ಮಾತು ಅದೇ. ನಾನು ಸಾಯುವ ತನಕ ಅದನ್ನು ನಡೆಸ್ತೇನೆ."

"ಅಕ್ಕ, ನನ್ನಿಂದಲೇ ಆಯ್ತು ಅಂತ..."

"ಖಾಲಿ ಇತ್ತು ಜೋಯಲ್. ಖಲಾಸ್." ಅವಳು ಅವನ ಕೋಟಿನ ಕಾಲರು ಸರಿಮಾಡಿದಳು. ದೂರದಿಂದ ನೋಡಿದವರಿಗೆ ಅಕ್ಕ ತಮ್ಮನನ್ನು ಸಂತೈಸುತ್ತಿದ್ದಾಳೆ ಎಂದೇ ಕಾಣಬೇಕು. "ನೀನು ಊರಿಗೆ ಬರುದು ಬೇಡ. ನಿನ್ನ ಟಿಕೆಟ್ ನಾನು ಬೆಳಿಗ್ಗೆಯೇ ಕ್ಯಾನ್ಸಲ್ ಮಾಡಿಸಿದೆ."

"ಮಣ್ಣಿಗೆ ನಾನಿಲ್ಲದೆ? ಪೆಟ್ಟಿಗೆಗೆ ಹೆಗಲು..."

"ಹೆಗಲು ಕೊಡುವವರು ಅಲ್ಲಿ ಬೇಕಾದಷ್ಟು ಉಂಟು. ಇಲ್ಲಿ ಬೋನು ನೋಡುವವರಿಲ್ಲ. ಎಲ್ಲೆಲ್ಲಿ ಹೂತದ್ದು ಅಂತ ನಿನಗೆ ಗೊತ್ತುಂಟು. ನಾಳೆಯಿಂದ ನೀನೇ ಹೋಗ್ತಿ ಅಂತ ಅಝರುದ್ದೀನ್‌ಗೆ ಹೇಳಿದ್ದೇನೆ. ಮರಿ ಹಾಕುವ ಕಾಲ ಮುಗಿಯುವ ತನಕ. ಬೆಳಕಾಗುವ ಮೊದಲು ಹೋಗ್ಬೇಕು. ಸೆಂಟ್ ಹಾಕ್ಬೇಡ."

ಜೋಯಲ್ ತಲೆಯಾಡಿಸಿದ. ಆಮೇಲೆ ಏನೋ ಹೊಳೆದು ಪೆಟ್ಟಿಗೆ ಇದ್ದ ವ್ಯಾನಿನ ಕಡೆ ತಿರುಗಿದ.

"ನರಿ ಬಿದ್ದಿದ್ರೆ ನಾನೆಂತ ಮಾಡ್ಲಿ? ಗೋಣಿ ಇಲ್ಲದೆ ಅದು ನನ್ನನ್ನೇ ನೋಡ್ತದೆ ಅಕ್ಕ."

"ನೋಡ್ಲಿ," ಎಂದು ಕಾರ್ಮೆಲ್ ಕಾರು ಹತ್ತಿದಳು.

ವ್ಯಾನು ಮುಂದೆ ಹೊರಟಿತು. ಶರ್ಲಿನ್ ಗಾಡಿ ತಿರುಗಿಸಲು ಹಿಂದೆ ಮುಂದೆ ಮಾಡುತ್ತ, "ತಮ್ಮನನ್ನು ಎಷ್ಟು ಚೆಂದ ಸಮಾಧಾನ ಮಾಡಿದಿ ಮಾರಾಯ್ತಿ. ನಿನ್ನ ಜಾಗದಲ್ಲಿ ನಾನಾಗಿದ್ರೆ ನನ್ನನ್ನೇ ಹಿಡೀಲಿಕ್ಕೆ ನಾಲ್ಕು ಜನ ಬೇಕಿತ್ತು," ಎಂದಳು. "ಈಗಾದ್ರೂ ಏನಾದ್ರೂ ತಿನ್ನು. ಡಬ್ಬಿಯಲ್ಲಿ ಬನ್ಸ್ ಉಂಟು."

ಶುಕ್ರವಾರದಿಂದ ಕಾರ್ಮೆಲಳ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಈಗ ಅವಳಿಗೆ ಹಸಿವಾಯಿತು. ಡಬ್ಬಿ ಬಿಚ್ಚಿ ಒಂದು ಬನ್ಸ್ ತೆಗೆದು ಕಚ್ಚಿದಳು.

ಕಿಟಕಿಯಾಚೆ ಜನ ಚದುರುತ್ತಿದ್ದರು. ಜೋಯಲ್ ಮಾತ್ರ ಹೋಗಿರಲಿಲ್ಲ. ಗಾಳಿ ತಂದು ಹಾಕಿದ ಮರಳಿನಲ್ಲಿ, ದೀಪದ ಕಂಬದ ಸುತ್ತ ತಲೆ ಬಗ್ಗಿಸಿ ಸುತ್ತುತ್ತಿದ್ದ. ಗೇಟಿನ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತ, ತಿರುಗಿ ಬಂದು ಮತ್ತೆ ಅದೇ ಸುತ್ತು ಹಿಡಿದ. ಇಳಿಬಿಸಿಲು ನೇರ ಅವನ ಕಣ್ಣಿಗೆ ಹೊಡೆಯುತ್ತಿತ್ತು. ಅವನು ಕೈ ಅಡ್ಡ ಹಿಡಿಯಲಿಲ್ಲ.

"ಅಂಕಲ್ ಜೋಯಲ್ ಈಸ್ ನಾಟ್ ಕಮಿಂಗ್?" ಎಂದು ರಿಯೋನಾ ಕೇಳಿದಳು.

ಕಾರ್ಮೆಲ್ ಡಬ್ಬಿಯಿಂದ ಇನ್ನೊಂದು ಬನ್ಸ್ ತೆಗೆದುಕೊಂಡಳು.